ಗಿಣಿಮೂಗಿಗೊಂದು ಮುಖ

ಫೆಬ್ರವರಿ 11

ಪ್ರೀತಿಯ ಸೂಜಿಗೆ, ಅಣ್ಣನ ಆಶೀರ್ವಾದ.

ಪ್ರತಿ ಕಾಗದದಲ್ಲೂ ಮೊದಲ ಸಾಲಿನಲ್ಲೇ ನಾನು ಕ್ಷೇಮವಾಗಿರುತ್ತೇನೆ. ಈ ಸಲ ಕ್ಷೇಮವನ್ನು ಕೊನೆಯ ಸಾಲಿಗೆ ದೂಡಿದ್ದೇನೆ. ಅಷ್ಟರೊಳಗೆ ಅದು ನಿಜವಾದರೆ ಬರೆಯುತ್ತೇನೆ.

ನಮ್ಮ ಬೀದಿಯಲ್ಲಿ ಕೊಲೆಯಾಗಿದೆ. ಸತ್ತವನು ಎದುರಿನ ಪ್ರೆಸ್ಸಿನ ಯಜಮಾನ. ನೋಡಿದವನು ನಾನು, ನಾನೊಬ್ಬನೇ. ಕಾಲೇಜು ಮುಗಿಸಿ ಅಪ್ಪನ ಸಾಣೆ ಅಂಗಡಿಯಲ್ಲಿ ಕೂತ ಮೇಲೆ ಬಿ.ಎ. ಅಂದರೆ ‘ಬರೀ ಅಲಗು’ ಎಂದು ಆಡಿಕೊಳ್ಳುತ್ತಿದ್ದ ಜನ, ಈಗ ‘ಸಾಕ್ಷಿ ಸಾರ್, ಬನ್ನಿ ಕೂತ್ಕೊಳ್ಳಿ’ ಅನ್ನುತ್ತಾರೆ. ಡಿಗ್ರಿಗೆ ಸಿಗದ ಮರ್ಯಾದೆ ಹೆಣದಿಂದ ಸಿಕ್ಕಿತು.

ಸೋಮವಾರ ರಾತ್ರಿ ಟೈಲರುಗಳ ಕತ್ತರಿ ಮುಗಿಸಿ, ಮೋಟಾರು ಆರಿಸಿ, ಅರ್ಧ ಬಾಗಿಲು ಎಳೆದಿದ್ದೆ. ಪ್ರೆಸ್ಸಿನ ಮುಂದಿನ ಬೀದಿದೀಪ ನಿನಗೆ ಗೊತ್ತಲ್ಲ, ಒಂದು ಸಲ ಉರಿದರೆ ಎರಡು ಸಲ ಯೋಚನೆ ಮಾಡುತ್ತದೆ. ಯಜಮಾನ ಬಗ್ಗಿ ಬೀಗ ಹಾಕುತ್ತಿದ್ದ. ಹಿಂದಿನಿಂದ ಒಬ್ಬ ಬಂದ. ಕೂದಲು ಹಿಡಿದು ತಲೆ ಹಿಂದಕ್ಕೆ ಜಗ್ಗಿದ. ದೀಪ ಹತ್ತಿತು. ಅಲಗು ಮೇಲೆದ್ದಾಗ ಬೆಳಕು ಅದರ ಮೇಲೆ ನೀರು ಜಾರಿದ ಹಾಗೆ ಜಾರಿತು. ಮೊದಲ ಇರಿತ ಪಕ್ಕೆಲುಬಿನ ಕೆಳಗೆ, ಹಿಡಿಯವರೆಗೂ ಹೋಯಿತು. ಎರಡನೆಯದು ಮೂಳೆಗೆ ತಾಗಿ ಕಿರ್ರೆಂದಿತು. ಅದನ್ನು ಕಿತ್ತುಕೊಳ್ಳಲು ಅವನು ಯಜಮಾನನ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ, ಬಾಟಲಿಯ ಬಿರಡೆ ಕೀಳುವವರ ಹಾಗೆ. ಮೂರನೆಯದು ಕುತ್ತಿಗೆಗೆ. ಅದು ಇರಿತವಲ್ಲ, ಎಳೆತ. ಅಲಗಿನ ಬೆನ್ನು ತುದಿಯಲ್ಲಿ ಬಾಗಿದೆ, ಹೊಟ್ಟೆ ಸ್ವಲ್ಪ ಒಳಕ್ಕೆ, ಅಂಚು ಒಂದೇ ಕಡೆ, ತುದಿಯವರೆಗೂ ಒಂದೇ ಹದ. ಅಂಥ ಅಂಚು ಚರ್ಮದ ಮೇಲೆ ತಡೆಯುವುದಿಲ್ಲ. ಯಜಮಾನ ಕೂಗಲಿಲ್ಲ. ಕೂಗು ಬರುವ ದಾರಿಯೇ ತೆರೆದುಹೋಗಿತ್ತು. ಬಾಗಿಲ ಹಲಗೆಯ ಮೇಲೆ ರಕ್ತ ಚಿಮ್ಮಿದ ಸದ್ದು ಮಾತ್ರ, ಯಾರೋ ಚೊಂಬಿನಿಂದ ನೀರು ಎರಚಿದ ಹಾಗೆ.

ಕತ್ತಲು, ಕತ್ತು, ಕತ್ತಿ. ಮೂರಕ್ಕೂ ನಮ್ಮ ಭಾಷೆ ಒಂದೇ ಬಾಗಿಲು ಇಟ್ಟಿದೆ ಎಂದು ಕಾಲೇಜಿನಲ್ಲಿ ಜೋಕು ಮಾಡುತ್ತಿದ್ದೆ. ಇನ್ನು ಮಾಡುವುದಿಲ್ಲ.

ಕೊಂದವನು ಮೂಲೆಯ ಅಂಗಡಿಯ ಬೈಂಡರು. ಮುಖ ಸ್ಪಷ್ಟವಾಗಿ ಕಂಡಿತು. ಕಾರಣವೂ ಇದೆ. ಹಿಂದಿನ ವಾರ ಒಂದು ರಾಶಿ ಪಠ್ಯಪುಸ್ತಕಗಳಿಗೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದ್ದನಂತೆ. ಯಜಮಾನ ಎಲ್ಲವನ್ನೂ ಬೀದಿಗೆ ಎಸೆದ. ಹೆಸರಲ್ಲೇ ಬೈ ಇರುವ ಬೈಂಡರು ಸುಮ್ಮನಿರುತ್ತಾನಾ? ‘ನಿನ್ನ ಬೆನ್ನು ಬಿಚ್ಚಿ ಹೊಲಿತೀನಿ ಕಣೋ’ ಅಂತ ಬೀದಿಗೆಲ್ಲ ಕೇಳುವಂತೆ ಕಿರುಚಿದ್ದ. ಇನ್ಸ್‌ಪೆಕ್ಟರಿಗೆ ಎಲ್ಲ ಹೇಳಿದ್ದೇನೆ. ಅವನನ್ನು ಬೆಳಗಿನ ಜಾವವೇ ಎಳೆದುಕೊಂಡು ಹೋದರು.

ಕೊನೆಯ ಸಾಲು ಬಂತು, ಅದು ಇನ್ನೂ ನಿಜವಾಗಿಲ್ಲ. ಆದ್ದರಿಂದ ಕ್ಷೇಮ ಬಾಕಿ.

ನಿನ್ನ ಅಣ್ಣ


ಫೆಬ್ರವರಿ 19

ಅಣ್ಣ,

ನಿನ್ನ ಕಾಗದವನ್ನು ಎಮರ್ಜೆನ್ಸಿ ವಾರ್ಡಿನ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ರಾತ್ರಿ ಹೊತ್ತು ಬಾಗಿಲಿಗೆ ಚಿಲಕ ಹಾಕಿಕೊ. ಹಾಲು ಕುಡಿದು ಮಲಗು. ನಗಬೇಡ, ನರ್ಸ್ ಆದವಳಿಗೆ ಸೂಜಿ ಅಂತ ಹೆಸರಿಟ್ಟವನು ನೀನು, ಚುಚ್ಚಿದರೆ ತಡೆದುಕೊ.

ಚುಚ್ಚುತ್ತೇನೆ ಈಗ. ಕತ್ತಿಗೆ ಹತ್ತು ಸಾಲು ಬರೆದಿದ್ದೀಯ. ಬೆನ್ನು, ಹೊಟ್ಟೆ, ಅಂಚು, ಹದ, ಹೆಣ್ಣು ನೋಡಲು ಹೋದವನ ಹಾಗೆ. ಕೊಂದವನ ಮುಖಕ್ಕೆ ಮಾತ್ರ ‘ಸ್ಪಷ್ಟವಾಗಿ ಕಂಡಿತು’. ಅಷ್ಟೇ. ಮೂಗು? ಮೀಸೆ? ಬಾಯಿ ಮುಚ್ಚಿತ್ತೋ, ಹಲ್ಲು ಕಚ್ಚಿದ್ದನೋ?

ಕೇಳುವುದಕ್ಕೆ ಕಾರಣವಿದೆ. ಇಲ್ಲಿಗೆ ಇರಿತ ತಿಂದು ಬಂದವರೆಲ್ಲ ಚಾಕು ಎಷ್ಟುದ್ದ ಅಂತ ಕೈ ಅಗಲಿಸಿ ತೋರಿಸುತ್ತಾರೆ, ಮುಖ ಕೇಳಿದರೆ ಸೂರು ನೋಡುತ್ತಾರೆ. ಹೋದ ತಿಂಗಳು ಒಬ್ಬ ಹೆಂಗಸು ಹೊಟ್ಟೆ ಒತ್ತಿ ಹಿಡಿದುಕೊಂಡು ಬಂದಳು, ಬೆರಳ ಸಂದಿಯಲ್ಲಿ ಕರುಳು ಇಣುಕುತ್ತಿತ್ತು. ಚಾಕುವಿನ ಹಿಡಿ ಹಸಿರು ಪ್ಲಾಸ್ಟಿಕ್ಕು, ಅದಕ್ಕೊಂದು ಬಿರುಕು, ಬಿರುಕಿನಲ್ಲಿ ಕೊಳೆ, ಎಲ್ಲ ಹೇಳಿದಳು. ಇರಿದವನು ಯಾರೋ ಕಳ್ಳ ಅಂದಳು. ಅವಳ ಮೈದುನ ಕಣೋ. ಎಂಟು ವರ್ಷ ಒಂದೇ ಮನೆಯಲ್ಲಿ ಊಟ ಬಡಿಸಿದ್ದಾಳೆ!

ನೀನು ಸುಳ್ಳು ಹೇಳುತ್ತೀಯ ಅನ್ನುತ್ತಿಲ್ಲ. ಆ ದೀಪ ಮಧ್ಯೆ ಮಧ್ಯೆ ಆರುತ್ತದೆ. ಆರಿದಾಗ ನೀನು ಏನು ನೋಡಿದೆ?

ನಿನ್ನ ಸೂಜಿ


ಮಾರ್ಚ್ 2

ಸೂಜಿಗೆ,

ಪಾಟೀಸವಾಲಿಗೆ ಬೈಂಡರಿನ ವಕೀಲನಿದ್ದಾನೆ, ಮನೆಯಿಂದಲೂ ಒಬ್ಬಳು ಬೇಕಾಗಿರಲಿಲ್ಲ. ನಿನ್ನ ಹೆಂಗಸು ಸೌಟು ಹಿಡಿದವಳು. ನಾನು ಹುಟ್ಟಿದಾಗಿನಿಂದ ಅಲಗು ಹಿಡಿದವನು. ನನಗೂ ಅವಳಿಗೂ ತಕ್ಕಡಿ ಹಿಡಿಯಬೇಡ.

ಸರಿ, ಇನ್ಸ್‌ಪೆಕ್ಟರಿಗೆ ಮಾತ್ರ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಮೇಲೆದ್ದದ್ದು ಗಿಣಿಮೂಗು.

ನೆನಪಿದೆಯಲ್ಲ? ಬೈಂಡರು ರಟ್ಟು ಕೊಯ್ಯುವ ಚಾಕು. ತುದಿ ಮುರಿದು ಎಸೆಯಬೇಕು ಅಂತಿದ್ದವನ ಕೈಯಿಂದ ಕಿತ್ತುಕೊಂಡು, ಒಂದು ಭಾನುವಾರ ಇಡೀ ಕೂತು, ಮುರಿದ ಕಡೆಯಿಂದ ಇಳಿಜಾರು ತೆಗೆದು ಗಿಣಿಯ ಕೊಕ್ಕಿನ ಹಾಗೆ ಬಗ್ಗಿಸಿದೆ. ಇಡೀ ಊರಿನಲ್ಲಿ ಅಂಥದ್ದು ಇನ್ನೊಂದಿಲ್ಲ. ನನ್ನ ಕೈಕೆಲಸ ನನಗೆ ತಿಳಿಯುವುದಿಲ್ಲವೇ? ಕೈಬರಹ ಕಂಡರೆ ಬರೆದವರು ಕಂಡ ಹಾಗೆ. ಗಿಣಿಮೂಗು ಕಂಡ ಕೂಡಲೇ ಅದರ ಹಿಂದೆ ಬೈಂಡರಿನ ಮುಖ ಕಂಡಿತು. ಮುಖವೂ ಕಂಡಿತು, ಗೆರೆ ಹಾಕಿ ಓದು.

ಗಿರಾಕಿಗಳನ್ನು ನಾನು ಚಾಕುವಿನಿಂದಲೇ ಗುರುತಿಸುವುದು, ನಿನಗೆ ಹೊಸದಲ್ಲ. ತಲೆ ಬಗ್ಗಿಸಿ ಕೂರುವ ಕೆಲಸ. ತಲೆಯೆತ್ತಿ ಮುಖ ನೋಡುತ್ತಾ ಕೂತರೆ ಬೆರಳು ಚಕ್ರಕ್ಕೆ ಹೋಗುತ್ತದೆ. ಕೋಳಿಕತ್ತಿ, ಮೋಟುಗತ್ತರಿ, ಉದ್ದಲಗು, ಇವೇ ಅವರ ಹೆಸರು, ಇವೇ ಅವರ ಮೂತಿ.

ಈಗ ಬೈಂಡರಿನ ನಾಚಿಕೆಗೇಡಿತನ ಕೇಳು. ಚಾಕು ಪೊಲೀಸರಿಗೆ ಸಿಕ್ಕಿಲ್ಲ. ಎಲ್ಲಿ ಅಂದರೆ, ‘ಅದನ್ನ ಸಾಣೆ ಅಂಗಡೀಗೇ ವಾಪಸ್ ಕೊಟ್ಟುಬಿಟ್ಟೆ’ ಅಂದನಂತೆ! ನನ್ನ ಅಂಗಡಿಗೆ! ಇಟ್ಟುಕೊಳ್ಳಲಾಗದ ಹೆಣವನ್ನು ಪಕ್ಕದ ಮನೆಯ ಜಗುಲಿಗೆ ಸಾಗಿಸಿದ ಹಾಗೆ. ಅಲ್ಲಿಯವರೆಗೆ ಅವನ ಮೇಲೆ ಒಂದಿಷ್ಟು ಕನಿಕರವಿತ್ತು, ಅದೂ ಹೋಯಿತು.

ಶುಕ್ರವಾರ ಯಜಮಾನನ ಕಡೆಯವರು ಬೈಂಡರಿನ ಅಂಗಡಿಗೆ ಬೆಂಕಿ ಹಚ್ಚಿದರು. ಅವನ ಹೆಂಡತಿ ಪುಸ್ತಕ ಉಳಿಸಿಕೊಳ್ಳಲು ಒಳಗೆ ನುಗ್ಗಿದಳು. ಕಬ್ಬಿಣದ ಸಲಾಕೆಯಲ್ಲಿ ಮೊಣಕಾಲಿಗೆ ಬಡಿದು ಬೀಳಿಸಿದರು. ಮೂಳೆ ಮುರಿದ ಸದ್ದು ನನ್ನ ಮೋಟಾರಿನ ಸದ್ದನ್ನೂ ದಾಟಿ ಬಂತು. ಉರಿದ ಹಾಳೆಗಳು ಸಂಜೆಯವರೆಗೂ ಕಾಗೆಗಳ ಹಾಗೆ ಹಾರುತ್ತಿದ್ದವು. ನಾನು ಬಾಗಿಲು ಹಾಕಿಕೊಂಡೆ. ನನಗೆ ಖುಷಿಯಾಯಿತು ಅಂದುಕೊಳ್ಳಬೇಡ.

ಪ್ರೆಸ್ಸಿನ ಮೆಷಿನ್‌ಮನ್ ಕಾಗದ ಕತ್ತರಿಸುವ ದೊಡ್ಡ ಅಲಗು ಸಾಣೆಗೆ ತಂದಿದ್ದ. ಹೊಸ ವರ್ಷದಿಂದ ಅವನೇ ತರುವುದು. ಪಾಪ, ಯಜಮಾನ ಸತ್ತರೂ ಕೆಲಸ ನಿಲ್ಲುವುದಿಲ್ಲ. ಕೊಲೆಯ ಕಥೆಯನ್ನೆಲ್ಲ ನನ್ನಿಂದ ಹೇಳಿಸಿಕೊಂಡ.

‘ಮುಖ ಚೆನ್ನಾಗಿ ಕಾಣಿಸ್ತಾ ಸಾರ್?’

‘ಕನ್ನಡೀಲಿ ನೋಡಿದ ಹಾಗೆ.’

‘ಹಾಗಾದ್ರೆ ಬಿಡಿ ಸಾರ್. ನಿಮ್ಮಂಥ ಕಣ್ಣು ಯಾರಿಗಿರುತ್ತೆ?’

ನೋಡು, ಹೊರಗಿನವರಿಗಿರುವ ನಂಬಿಕೆ ಒಡಹುಟ್ಟಿದವಳಿಗಿಲ್ಲ.

ನಿನ್ನ ಅಣ್ಣ


ಮಾರ್ಚ್ 30

ಅಣ್ಣ,

ನೈಟ್ ಡ್ಯೂಟಿ. ಕೈ ಬಿಡುವಿಲ್ಲ. ಕೋರ್ಟು ಯಾವಾಗ? ಮುಖ ನೋಡಿದ್ದು ನಿಜ ತಾನೇ? ಅದೊಂದಕ್ಕೆ ಉತ್ತರ ಬರೆ. ಜಗಳ ಮಾಡಬೇಡ, ಬರೀ ಉತ್ತರ ಬರೆ.

ಸೂಜಿ


ಮೇ 6

ಸೂಜಿಗೆ,

ನಿನ್ನ ಮೂರು ಸಾಲಿಗೆ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದ. ಇವತ್ತು ಬರೆಯುತ್ತಿರುವುದೂ ಸಿಟ್ಟಿನಿಂದಲೇ, ಆದರೆ ಬೇರೆಯವನ ಮೇಲೆ.

ನಿನ್ನೆ ಸಾಕ್ಷಿ ಹೇಳಿದೆ. ಕಟಕಟೆ ಹತ್ತಿದವರ ಹಲ್ಲೇ ಕಟಕಟ ಅನ್ನುತ್ತದೆ ಎಂದು ಕೇಳಿದ್ದೆ. ನನ್ನದು ಅನ್ನಲಿಲ್ಲ. ಸರ್ಕಾರಿ ವಕೀಲ ಕೇಳಿದ್ದಕ್ಕೆಲ್ಲ ಕತ್ತರಿಸಿದ ಹಾಗೆ ಉತ್ತರ ಕೊಟ್ಟೆ. ಫೆಬ್ರವರಿಯಲ್ಲಿ ಒಂದಿಷ್ಟು ಮಸುಕಿದ್ದದ್ದೂ ಈಗ ತೊಳೆದಿಟ್ಟ ಹಾಗೆ ಕಾಣುತ್ತದೆ. ಹೇಳಿದಷ್ಟೂ ಹರಿತವಾಗುತ್ತದೆ, ಸಾಣೆಯ ಗುಣ ಅದು.

ಆಮೇಲೆ ಬೈಂಡರಿನ ವಕೀಲ ಎದ್ದ. ಸಣ್ಣ ಆಳು, ದೊಡ್ಡ ಕೋಟು.

‘ಕೊಂದವನಿಗೆ ಮೀಸೆ ಇತ್ತೇನ್ರೀ?’

‘ಇತ್ತು.’

‘ಮುಖಕ್ಕೆ ಏನಾದ್ರೂ ಕಟ್ಟಿಕೊಂಡಿದ್ನಾ?’

‘ಇಲ್ಲ. ಮುಖ ಪೂರ್ತಿ ಕಾಣ್ತಿತ್ತು.’

‘ಆ ವಾರವೆಲ್ಲ ನನ್ನ ಕಕ್ಷಿದಾರನಿಗೆ ಹಲ್ಲು ಕೀವಾಗಿ ದವಡೆ ಊದಿತ್ತು. ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿಕೊಂಡೇ ತಿರುಗ್ತಿದ್ದ. ಬೀದಿಯವರೆಲ್ಲ ನೋಡಿದ್ದಾರೆ. ನೀವು ನೋಡಲಿಲ್ವಾ?’

‘ಕೊಲೆ ಮಾಡೋಕೆ ಬರುವಾಗ ಬಿಚ್ಚಿಟ್ಟು ಬಂದಿರಬಹುದು’ ಅಂದೆ. ಕೋರ್ಟೆಲ್ಲ ನಕ್ಕಿತು. ನನ್ನ ಜೋಕಿಗೆ ನ್ಯಾಯಾಧೀಶರು ನಕ್ಕದ್ದು ಇದೇ ಮೊದಲು.

ಹೊರಗೆ ಬಂದಾಗ ಬೈಂಡರನ್ನು ಜಗುಲಿಯಲ್ಲಿ ಕೂರಿಸಿದ್ದರು. ಬಲಗೈ ಬೆರಳುಗಳು ಬಾಳೆಕಾಯಿಗಳ ಹಾಗೆ ಊದಿದ್ದವು. ಲಾಕಪ್ಪಿನಲ್ಲಿ ಲಾಠಿಯ ತುದಿಯಿಂದ ಒಂದೊಂದೇ ಬೆರಳು ಮುರಿದಿದ್ದಾರಂತೆ, ಚಾಕು ಎಲ್ಲಿ ಎಂದು ಕೇಳುತ್ತಾ. ನಾನು ದಾಟಿ ಹೋಗುವಾಗ ಎಲ್ಲರ ಎದುರಿಗೆ ಕೂಗಿದ: ‘ನಿನ್ನ ತಂಗೀನ ಕೇಳೋ! ನಿನ್ನ ತಂಗೀನ ಕೇಳು!’

ಸೂಜಿ, ಅಂಥ ಮಾತು ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಗಂಡಸರಿಗೆ ಗೊತ್ತು. ತಿರುಗಿ ಬಂದು ಬಾಯಿಯ ಮೇಲೆ ಗುದ್ದಿದೆ. ತುಟಿ ಸೀಳಿ ನನ್ನ ಗೆಣ್ಣಿಗೆಲ್ಲ ರಕ್ತವಾಯಿತು. ಇನ್ನೊಂದು ಗುದ್ದಿದೆ. ಪೊಲೀಸರು ನಿಧಾನವಾಗಿ ತಡೆದರು. ಅವನು ಕೈ ಅಡ್ಡ ತರಲಿಲ್ಲ, ತರುವಂಥ ಕೈ ಉಳಿದಿರಲಿಲ್ಲ.

ಗಲ್ಲೇ ಆಗಬಹುದು ಅನ್ನುತ್ತಾರೆ. ಮುಂದಿನ ತಿಂಗಳು ತೀರ್ಪು.

ನಿನ್ನ ಅಣ್ಣ


ಮೇ 15

ಅಣ್ಣ,

ಅವನು ಬೈದದ್ದಲ್ಲ. ದಾರಿ ತೋರಿಸಿದ್ದು. ನೀನು ಅವನನ್ನು ಹೊಡೆದದ್ದು ನನ್ನ ಪಾಲಿನ ಏಟು.

ಜನವರಿಯಲ್ಲಿ ನಾನು ರಜಕ್ಕೆ ಬಂದಾಗ ನಿನಗೆ ಜ್ವರ. ಅಂಗಡಿಯಲ್ಲಿ ನಾನು ಕೂತಿದ್ದೆ, ಸಾಣೆಯಾದದ್ದನ್ನು ಎತ್ತಿ ಕೊಡಲು. ಬೈಂಡರು ಬಂದ. ಜ್ವರ ಬರುವ ಮೊದಲು ನೀನು ಸಾಣೆ ಹಿಡಿದಿಟ್ಟ ಗಿಣಿಮೂಗನ್ನು ಕೊಟ್ಟರೆ ಹಿಂದಕ್ಕೆ ತಳ್ಳಿದ. ‘ಇದು ನಿಮ್ಮಣ್ಣನ ಹತ್ರಾನೇ ಇರ್ಲಿ ತಾಯಿ. ನಾನು ಫ್ಯಾಕ್ಟರಿದು ಹೊಸದು ತಗೊಂಡಿದೀನಿ. ಅದು ನೇರ ಕೊಯ್ಯುತ್ತೆ, ಇದು ಸೊಟ್ಟ’ ಅಂದ.

ನೀನು ಒಳಗೆ ಜ್ವರದಲ್ಲಿ ಮಲಗಿದ್ದೆ. ಆ ಚಾಕುವನ್ನು ನೀನು ಮಗುವಿನ ಹಾಗೆ ಸಾಕಿದ್ದು ನನಗೆ ಗೊತ್ತು. ಅವನು ಅದನ್ನು ಸೊಟ್ಟ ಅಂದ ಎಂದು ನಿನಗೆ ಹೇಳಲು ಬಾಯಿ ಬರಲಿಲ್ಲ. ಕಣ್ಣಿಗೆ ಬೀಳದಿದ್ದರೆ ಸಾಕು ಅಂದುಕೊಂಡೆ. ಅದೇ ಸಂಜೆ ಒಬ್ಬ ಬಂದು, ಕಟ್ಟುಗಳ ದಾರ ಕತ್ತರಿಸಲು ಹಳೇ ಚಾಕು ಇದ್ದರೆ ಕೊಡಿ ಅಂದ. ಕೊಟ್ಟುಬಿಟ್ಟೆ.

ಕಾಗದದಲ್ಲಿ ಗಿಣಿಮೂಗು ಎಂದು ಓದಿದ ದಿನದಿಂದ ನಿದ್ದೆ ಮಾಡಿಲ್ಲ. ಯಾಕೆ ಬರೆಯಲಿಲ್ಲ ಅಂತ ಕೇಳುತ್ತೀಯ. ಮುಖ ನೋಡಿದೆ, ಗೆರೆ ಹಾಕಿ ಓದು ಅಂದೆಯಲ್ಲ, ಆ ಗೆರೆಯನ್ನು ಹಿಡಿದುಕೊಂಡು ನೇತಾಡುತ್ತಿದ್ದೆ. ಮುಖ ನಿಜವಾದರೆ ಚಾಕು ಯಾರ ಕೈ ದಾಟಿ ಬಂದರೇನು, ಬೈಂಡರು ಹೇಗೋ ಮತ್ತೆ ಪಡೆದುಕೊಂಡಿರಬೇಕು, ನಾನು ಕೊಟ್ಟ ಚಾಕುವಿನಿಂದ ಯಾರೂ ಸತ್ತಿಲ್ಲ ಎಂದು ಸಮಾಧಾನ. ನಿನ್ನನ್ನು ನಂಬಿದೆ ಅನ್ನುವುದಕ್ಕಿಂತ, ನಂಬುವುದು ನನಗೆ ಅನುಕೂಲವಾಗಿತ್ತು. ಅಷ್ಟರಲ್ಲಿ ಆ ಮನುಷ್ಯನ ಬೆರಳುಗಳು ಹೋದವು, ಅವನ ಹೆಂಡತಿಯ ಕಾಲು ಹೋಯಿತು. ಊದಿದ ದವಡೆಯ ಬಟ್ಟೆಯನ್ನೂ ನೀನು ನೋಡಿಲ್ಲ ಎಂದು ಓದಿದ ಮೇಲೆ ಗೆರೆ ಕೈ ಬಿಟ್ಟಿತು. ನೀನು ನೋಡಿದ್ದು ಚಾಕು. ಮುಖ ನೀನೇ ಅಂಟಿಸಿದ್ದು.

ತೆಗೆದುಕೊಂಡು ಹೋದವನ ಮುಖ ಹೇಗಿತ್ತು ಅಂದರೆ ನನಗೂ ಗೊತ್ತಿಲ್ಲ! ನಗು ಬೇಕಾದರೆ. ನೀನು ಅಲಗು ನೋಡುತ್ತೀಯ, ನಾನು ಗಾಯ ನೋಡುತ್ತೇನೆ. ಅವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ, ತುದಿ ಜಜ್ಜಿಹೋಗಿ ಕೀವು ಕಟ್ಟಿತ್ತು, ಗಾಯದೊಳಗೆಲ್ಲ ಕಪ್ಪು ಶಾಯಿ. ಮೆಷಿನ್ನಿಗೆ ಸಿಕ್ಕಿದ್ದು ಅಂದ. ‘ಕಿರುಚಿಕೊಂಡ್ರೂ ನಮ್ಮ ಯಜಮಾನ ನಿಲ್ಲಿಸಲಿಲ್ಲ, ಕೆಲಸ ಅರ್ಜೆಂಟಿತ್ತಂತೆ’ ಅಂದ. ಒತ್ತಿ ಕೀವು ತೆಗೆದು ಬಟ್ಟೆ ಕಟ್ಟಿದೆ. ಅವನು ಅಳಲಿಲ್ಲ. ಆ ಹೆಬ್ಬೆರಳನ್ನು ಸಾವಿರ ಕೈಗಳ ನಡುವೆ ಗುರುತಿಸಬಲ್ಲೆ. ಮುಖ ಮಾತ್ರ ಕೇಳಬೇಡ.

ಬೈಂಡರಿನ ವಕೀಲರಿಗೂ ಬರೆದಿದ್ದೇನೆ. ರಜ ಸಿಕ್ಕ ತಕ್ಷಣ ಹೊರಡುತ್ತೇನೆ. ಅದಕ್ಕೂ ಮೊದಲು ನೀನು ಹೋಗಿ ಹೇಳು ಅಣ್ಣ. ನಿನ್ನ ಬಾಯಿಂದಲೇ ಹೇಳು.

ಸೂಜಿ


ಜೂನ್ 1

ಸೂಜಿಗೆ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗುರುವಾರ ನೀನೇ ಬರುತ್ತೀಯ, ಆದರೂ ಕಾಗದ. ಎದುರಿಗೆ ಸಿಕ್ಕರೆ ನೀನು ಮಾತಾಡಲು ಬಿಡುವುದಿಲ್ಲ.

ನಿನ್ನ ಕಾಗದ ಓದಿ ಮೊದಲು ಹರಿದೆ. ಆಮೇಲೆ ನೆಲದ ಮೇಲೆ ಕೂತು ಜೋಡಿಸಿದೆ. ಹೆಬ್ಬೆರಳಿನ ತುಂಡು ಜೋಡಿಸುತ್ತಿರುವಾಗ ಬಾಗಿಲಲ್ಲಿ ನೆರಳಾಯಿತು. ಪ್ರೆಸ್ಸಿನ ಮೆಷಿನ್‌ಮನ್. ದೊಡ್ಡ ಅಲಗನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಇಟ್ಟ. ಎಡಗೈ ಹೆಬ್ಬೆರಳು ಅಲಗಿನ ಮೇಲೆ, ಉಗುರಿಲ್ಲದ ಹೆಬ್ಬೆರಳು. ಇಷ್ಟು ತಿಂಗಳು ಆ ಅಲಗನ್ನೇ ನೋಡಿದ್ದೆ, ಅದರ ಮೇಲಿದ್ದ ಬೆರಳನ್ನು ನೋಡಿರಲಿಲ್ಲ.

ಮೋಟಾರು ಹಾಕಿದೆ. ತಲೆಯೆತ್ತಿದೆ.

‘ಏನ್ ಸಾರ್, ಹೊಸಬರ ಥರ ನೋಡ್ತೀರಾ?’

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಿ.ಎ. ಓದಿದವನಿಗೆ ಸುಮ್ಮನಿರಲು ಬರುತ್ತದೆಯೇ?

‘ಹೆಬ್ಬೆರಳು ವಾಸಿ ಆಯ್ತಾ?’

‘ಯಾರು ಹೇಳಿದ್ರು?’

‘ಬಟ್ಟೆ ಕಟ್ಟಿದವಳು.’

ಈ ಸಲ ಮುಖವನ್ನೇ ನೋಡಬೇಕು ಎಂದು ಹಟ ಹಿಡಿದೆ ಸೂಜಿ. ಅಗಲ ಹಣೆ, ಒಂದು ಕಿವಿಯ ಹಾಲೆ ಅಂಟಿಕೊಂಡಿದೆ, ಮೀಸೆಯೇ ಇಲ್ಲ, ಕೆಳತುಟಿ ನಡುಗುತ್ತಿತ್ತು. ಮುಖವನ್ನೇ ನೋಡುತ್ತಿದ್ದೆ, ಆದ್ದರಿಂದ ಕತ್ತಿ ಬಂದದ್ದು ಕಾಣಲಿಲ್ಲ. ಬಲ ಅಂಗೈಯಿಂದ ಮಣಿಕಟ್ಟಿನವರೆಗೆ ತೆರೆದುಕೊಂಡಿತು. ನರಗಳು ಬಿಳಿ ದಾರದ ಹಾಗೆ ಹೊರಗೆ ಬಂದವು. ಎರಡನೆಯದು ಹೊಟ್ಟೆಗೆ ಬಂತು, ತೊಗಲಿನ ಏಪ್ರನ್ ತಡೆಯಿತು. ಅವನ ತೋಳನ್ನು ತಬ್ಬಿಕೊಂಡು ತಿರುಗುತ್ತಿದ್ದ ಚಕ್ರಕ್ಕೆ ಒತ್ತಿದೆ. ಕಿಡಿಯಲ್ಲ, ಚರ್ಮ ಹಾರಿತು. ಅವನು ಕೂಗಿದ ಕೂಗಿಗೆ ಟೈಲರುಗಳು ಕತ್ತರಿ ಹಿಡಿದುಕೊಂಡೇ ಓಡಿ ಬಂದರು. ಅವನು ಬಿದ್ದ ಮೇಲೂ ನಾನು ಒದೆಯುತ್ತಿದ್ದೆನಂತೆ. ನನಗೆ ನೆನಪಿಲ್ಲ. ಅವರು ಹೇಳಿದ್ದರಿಂದ ನಂಬಿದ್ದೇನೆ.

ನೆಲದ ಮೇಲೆ ಗಿಣಿಮೂಗು ಬಿದ್ದಿತ್ತು. ಬೈಂಡರು ಹೇಳಿದ್ದು ಸರಿ, ಅದು ಸೊಟ್ಟ.

ಇನ್ಸ್‌ಪೆಕ್ಟರು ನನ್ನನ್ನು ಸೇರಿಸಿರುವ ಆಸ್ಪತ್ರೆಯ ವಾರ್ಡಿಗೇ ಬಂದರು. ‘ಆ ರಾತ್ರಿ ನೋಡಿದ್ದು ಇವನನ್ನೇ ತಾನೇ? ಹೇಳಿಬಿಡಿ ಸಾರ್, ಕೇಸು ಮುಗಿಯುತ್ತೆ, ನಿಮಗೂ ಸುಳ್ಳು ಸಾಕ್ಷಿಯ ತೊಂದರೆ ಇರಲ್ಲ.’

ಕಣ್ಣು ಮುಚ್ಚಿದೆ. ನಿಜ ಹೇಳಲೇ? ಕಂಡಿತು. ದೀಪ ಹತ್ತಿತು, ಅಲಗು ಎದ್ದಿತು, ಅದರ ಹಿಂದೆ ಮೆಷಿನ್‌ಮನ್ ಮುಖ, ಅಗಲ ಹಣೆ, ಅಂಟಿದ ಕಿವಿ, ಕನ್ನಡಿಯಲ್ಲಿ ನೋಡಿದ ಹಾಗೆ. ಮೇ ತಿಂಗಳವರೆಗೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಬೈಂಡರಿನ ಮುಖವಿತ್ತು. ಚಿಕ್ಕವರಿದ್ದಾಗ ಸ್ಟುಡಿಯೋದಲ್ಲಿ ವಿಮಾನದ ಪರದೆ ನೆನಪಿದೆಯಾ, ತೂತಿನಲ್ಲಿ ಯಾರು ಮೂತಿ ತೂರಿಸಿದರೆ ಅವರೇ ಪೈಲಟ್? ನನ್ನ ತಲೆಯಲ್ಲಿರುವುದು ಅಂಥ ಒಂದು ಪರದೆ. ಆ ತೂತಿನಿಂದ ಒಬ್ಬನನ್ನು ಗಲ್ಲಿನವರೆಗೆ ಕಳಿಸಿದ್ದೆ.

‘ನನ್ನ ಕೈ ಕೊಯ್ದವನು ಇವನು, ನೋಡಿದ್ದೇನೆ. ಆ ರಾತ್ರಿ ನೋಡಿದ್ದು ಒಂದು ಚಾಕು, ಮುಖ ನೋಡಿಲ್ಲ’ ಎಂದು ಬರೆಸಿ ಎಡಗೈ ಹೆಬ್ಬೆಟ್ಟು ಒತ್ತಿದೆ. ಬಿ.ಎ. ಹೆಬ್ಬೆಟ್ಟು! ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಸುಳ್ಳು ಸಾಕ್ಷಿಯ ಕೇಸು ಹಾಕುತ್ತಾರೆ, ಹಾಕಲಿ. ನೀನು ಬಂದಾಗ ನಿನ್ನನ್ನೂ ಕೇಳುತ್ತಾರೆ. ಹೆಬ್ಬೆರಳು ಅನ್ನು, ಶಾಯಿ ಅನ್ನು. ಮುಖ ಅಂತ ಒಂದಕ್ಷರ ಬೇಡ. ಹರಿತ ನನಗೆ ಗೊತ್ತಿತ್ತು, ಇರಿತ ನೋಡಿದೆ, ಎರಡನ್ನೂ ಸೇರಿಸಿ ಅರಿತ ಅಂದುಕೊಂಡಿದ್ದೆ.

ನಿನ್ನೆ ಸಂಜೆ ಬೈಂಡರನ್ನು ಬಿಟ್ಟರು. ನೆಟ್ಟಗೆ ಇಲ್ಲಿಗೆ ಬಂದ. ಹೊಡೆಯುತ್ತಾನೆ ಎಂದು ಕಾದೆ. ಅವನ ಬಲಗೈ ಬಟ್ಟೆಯಲ್ಲಿ, ನನ್ನದೂ ಬಟ್ಟೆಯಲ್ಲಿ. ‘ಇಬ್ಬರಿಗೂ ಸೇರಿ ಒಂದು ಕೈಯಾದ್ರೂ ಉಳೀತಲ್ಲ’ ಅಂದೆ. ಅವನು ನಗಲಿಲ್ಲ. ಸ್ಟೂಲು ಎಳೆದುಕೊಂಡು, ದೀಪದ ಕೆಳಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ.

‘ನೋಡು’ ಅಂದ. ‘ಸರಿಯಾಗಿ ನೋಡು.’

ನೋಡಿದೆ. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀರು ಇದೆ. ಕಣ್ಣಿನ ಪಾಪೆ ಒಂದು ಕಪ್ಪು, ಇನ್ನೊಂದು ಕಂದು. ಮೂಗು ಬಲಕ್ಕೆ ವಾಲಿದೆ. ಮೀಸೆ ಅರ್ಧ ನರೆತು, ಸದಾ ಅಂಟಿನ ಬೆರಳು ಸವರಿಕೊಂಡೋ ಏನೋ, ತುದಿಗಳು ಗಟ್ಟಿಯಾಗಿವೆ. ಕೀಳಿಸಿದ ಹಲ್ಲಿನ ಜಾಗ ಖಾಲಿ, ಅದರ ಪಕ್ಕದಲ್ಲಿ ನನ್ನ ಗುದ್ದಿಗೆ ಸೀಳಿದ ತುಟಿ, ಹೊಲಿಗೆ ಹಾಕದೆ ಸೊಟ್ಟಗೆ ಕೂಡಿಕೊಂಡಿದೆ. ಗಲ್ಲದ ಕೆಳಗೆ ಹೆಸರುಕಾಳಿನಷ್ಟು ಮಚ್ಚೆ. ಹತ್ತಾರು ವರ್ಷ ಪ್ರತಿ ತಿಂಗಳು ನನ್ನ ಕಟ್ಟೆಯ ಆಚೆ ನಿಂತ ಮುಖ.

ಮೀಸೆಯೊಂದು ಬಿಟ್ಟರೆ, ನಾನು ಆಣೆ ಮಾಡಿ ಹೇಳಿದ ಮುಖದಲ್ಲಿ ಇವು ಒಂದೂ ಇರಲಿಲ್ಲ.

ನಿನ್ನ ಅಣ್ಣ